ಗೃಹಾರೋಗ್ಯ: ಮೂಳೆಯ ಸೂಜಿಮದ್ದು ಮತ್ತು ಮೊದಲ ಹದಿನೈದು ದಿನಗಳು

ಮುಪ್ಪಿನಲ್ಲಿ ಮೂಳೆಗಳು ಟೊಳ್ಳಾಗುವ ರೋಗದ ವಿಷಯವಾಗಿ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದುದು ವಾಚಕರ ನೆನಪಿನಲ್ಲಿರಬಹುದು. ವೈದ್ಯರು ಆಸ್ಟಿಯೊಪೊರೋಸಿಸ್ ಎಂದು ಕರೆಯುವ ಆ ರೋಗಕ್ಕೆ ಈಗ ಕೆಲವು ಸೂಜಿಮದ್ದುಗಳು ಬಳಕೆಯಲ್ಲಿರುವುವು. ಅವನ್ನು ಆರಂಭಿಸಿದ ಹೊಸದರಲ್ಲಿ ತಲೆಸುತ್ತು, ಓಕರಿಕೆ, ಕಾಲುಸೆಳೆತ ಮೊದಲಾದ ತೊಂದರೆಗಳು ತೋರಿದರೆ ಮನೆಯವರು ಏನು ಮಾಡತಕ್ಕದ್ದೆಂದು ಕೆಲವರು ಗೃಹಿಣಿಯರು ಕೇಳಿರುವರು. ನಾನು ವೈದ್ಯಳಲ್ಲ. ಆದರೆ ನಮ್ಮ ಬಳಗದಲ್ಲಿಯೇ ನಡೆದ ಒಂದು ಸಂಗತಿಯಿಂದ ನಾನು ಕಲಿತುದನ್ನೂ, ವೈದ್ಯರಿಂದ ಕೇಳಿ ತಿಳಿದುದನ್ನೂ ಇಲ್ಲಿ ಬರೆಯುವೆನು. ಪ್ರತಿಯೊಬ್ಬರೂ ತಮ್ಮ ವೈದ್ಯರ ಮಾತನ್ನೇ ಕೊನೆಯ ಮಾತೆಂದು ತಿಳಿಯಬೇಕು.

ನಮ್ಮ ಅಕ್ಕನವರಿಗೆ ಈಗ ೭೧ ವರ್ಷ. ಕಳೆದ ವರ್ಷ ಬಚ್ಚಲುಮನೆಯಲ್ಲಿ ನೀರು ತುಂಬಿದ ಬಕೆಟ್ಟನ್ನು ಎತ್ತುವಾಗ ಅವರ ನಡುಬೆನ್ನಿನಲ್ಲಿ ಸಳಕ್ಕೆಂದು ನೋವು ಹುಟ್ಟಿತು. ಉಳುಕಿರಬಹುದೆಂದು ಎಣ್ಣೆ ತಿಕ್ಕಿದುದಾಯಿತು, ಬಿಸಿನೀರಿನ ಶಾಖ ಕೊಟ್ಟುದಾಯಿತು. ಮೂರು ವಾರಗಳಾದರೂ ನೋವು ತಗ್ಗದಿರಲು, ಕ್ಷಕಿರಣದ ಚಿತ್ರ ತೆಗೆಸಿದಾಗ ಬೆನ್ನಿನ ಎರಡು ಮಣಿಮೂಳೆಗಳು ಕುಸಿದಿರುವುದು ಗೊತ್ತಾಯಿತು. ಬೀಳದೆ, ಪೆಟ್ಟು ತಗಲದೆ, ಒಂದು ಬಕೆಟ್ಟು ನೀರಿನ ಭಾರಕ್ಕೆ ಮುರಿದ ಮೂಳೆ! ಲೇಡಿ ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿ ಟೆರಿಪ್ಯಾರಟೈಡ್ ಎಂಬ ಸೂಜಿಮದ್ದನ್ನು ದಿನಕ್ಕೊಂದು ಸಾರಿ ಮನೆಯಲ್ಲಿಯೇ ತೆಗೆದುಕೊಳ್ಳುವಂತೆ ಬರೆದುಕೊಟ್ಟರು.

ಬರೆಯುವ ಪೆನ್ನಿನಂತೆಯೇ ಕಾಣುವ ಸಾಧನದಲ್ಲಿ ಆ ಔಷಧವು ಬರುವುದು. ತುದಿಗೆ ಕೂದಲಿನಷ್ಟು ಸಣ್ಣ ಸೂಜಿಯನ್ನು ಸಿಕ್ಕಿಸಿ ತೊಡೆಯ ಅಥವಾ ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳಬೇಕು. ಅಕ್ಕನವರು ಧೈರ್ಯವಂತೆ, ಎರಡು ದಿನಗಳಲ್ಲಿ ಕಲಿತರು. ಬೆಳಗ್ಗೆ ಸ್ನಾನವಾದ ಕೂಡಲೇ ಮದ್ದು, ಆಮೇಲೆ ಪೂಜೆ, ಆಮೇಲೆ ಕಾಫಿ ಎಂದು ನಿಯಮ ಮಾಡಿಕೊಂಡರು. ಮೂರನೆಯ ದಿನ ಪೂಜೆ ಮುಗಿಸಿ ಮಣೆಯ ಮೇಲಿಂದ ಎದ್ದವರಿಗೆ ಕಣ್ಣು ಕತ್ತಲೆಗಟ್ಟಿತು. ಕೈಗೆ ಬಾಗಿಲುವಾಡ ಸಿಕ್ಕದಿದ್ದರೆ ನೆಲಕ್ಕೆ ಬೀಳುತ್ತಿದ್ದರು.

ಅವರು ಇದನ್ನು ಯಾರಿಗೂ ಹೇಳಲಿಲ್ಲ. ಮರುದಿನದಿಂದ ಪ್ರತಿ ಬೆಳಗ್ಗೆ ಪೆನ್ನನ್ನು ಕೋಣೆಗೆ ಒಯ್ಯುವರು, ಬಾಗಿಲು ಮುಚ್ಚುವರು, ಸ್ವಲ್ಪ ಹೊತ್ತು ಕುಳಿತಿದ್ದು ತಂದು ಫ್ರಿಜ್ಜಿನಲ್ಲಿ ಇಡುವರು. ತಿಂಗಳು ಮುಗಿಯುತ್ತ ಬಂದಾಗ ಹೊಸ ಪೆನ್ನು ತರಬೇಕೆಂದು ಸೊಸೆಯು ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದಳು. ಗಾಜಿನ ಕೊಳವೆಯಲ್ಲಿ ಔಷಧವು ಬಹುಮಟ್ಟಿಗೆ ಹಾಗೆಯೇ ಇದ್ದಿತು. ಅತ್ತೆಯವರನ್ನು ಕೇಳಲಾರದೆ ಅವಳು ನನ್ನನ್ನು ಕರೆಸಿದಳು. ನಾನು ಕೇಳಿದಾಗ ಅಕ್ಕನವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಮಗ ಅಷ್ಟು ಹಣ ಕೊಟ್ಟು ತಂದಿದ್ದಾನೆ ಕಣೇ. ಅದು ನನಗೆ ಒಗ್ಗಲಿಲ್ಲ ಎಂದು ಯಾವ ಬಾಯಿಂದ ಹೇಳಲಿ?” ಎಂದರು.

ವಾಚಕರು ಈ ಮಾತನ್ನು ಗಮನಿಸಬೇಕು. ತಲೆಸುತ್ತು ಬಂದುದು ಅಷ್ಟು ದೊಡ್ಡ ಅಪಾಯವಲ್ಲ; ಅದನ್ನು ಹೇಳದೆ ಮುಚ್ಚಿಟ್ಟುದೇ ದೊಡ್ಡದು. ಮೂಳೆ ಗಟ್ಟಿಯಾಗುತ್ತಿರುವುದೆಂದು ಮನೆಯವರೆಲ್ಲರೂ ನೆಮ್ಮದಿಯಿಂದಿದ್ದ ಆ ತಿಂಗಳಿನಲ್ಲಿ ಅದು ಗಟ್ಟಿಯಾಗುತ್ತಲೇ ಇರಲಿಲ್ಲ.

ಈ ಔಷಧದ ಕೆಲಸವನ್ನು ತಿಳಿದುಕೊಂಡರೆ ಅದರ ತೊಂದರೆಗಳ ಕಾರಣವೂ ತಿಳಿಯುವುದು. ನಮ್ಮ ಕೊರಳಿನಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ ಕಾಳಿನಷ್ಟು ಗಾತ್ರದ ನಾಲ್ಕು ಪುಟ್ಟ ಗ್ರಂಥಿಗಳಿರುವುವು. ಅವುಗಳಿಗೆ ಪ್ಯಾರಾಥೈರಾಯ್ಡ್ ಎಂದು ಹೆಸರು. ಅವು ಸ್ರವಿಸುವ ರಸವು ರಕ್ತದಲ್ಲಿ ಕ್ಯಾಲ್ಸಿಯಂ, ಎಂದರೆ ಸುಣ್ಣದ ಅಂಶವು, ಎಷ್ಟಿರಬೇಕೆಂಬುದನ್ನು ನಿಯಮಿಸುವುದು. ಆ ರಸವು ೮೪ ಕೊಂಡಿಗಳ ಒಂದು ಸರಪಳಿ. ಅದರ ಮೊದಲ ೩೪ ಕೊಂಡಿಗಳನ್ನು ಮಾತ್ರ ತಯಾರಿಸಿಕೊಟ್ಟರೆ ಅದೇ ಟೆರಿಪ್ಯಾರಟೈಡ್. ಮೂಳೆಯಲ್ಲಿ ಹಳೆಯದನ್ನು ಕೆಡಹುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಹಗಲಿರುಳು ದುಡಿಯುತ್ತಿರುವುವು. ಈ ರಸವು ರಕ್ತದಲ್ಲಿ ಸದಾ ಹೆಚ್ಚಾಗಿಯೇ ಇದ್ದರೆ ಕೆಡಹುವವರ ಕೈ ಮೇಲಾಗುವುದು. ದಿನಕ್ಕೊಂದು ಸಾರಿ ಸ್ವಲ್ಪ ಹೊತ್ತು ಮಾತ್ರ ಏರಿ ಇಳಿದರೆ ಕಟ್ಟುವವರು ಚುರುಕಾಗುವರು. ಆದಕಾರಣ ದಿನಕ್ಕೆ ೨೦ ಮೈಕ್ರೊಗ್ರಾಂ ಎಂಬ ಅತ್ಯಲ್ಪ ಪ್ರಮಾಣವನ್ನು ತಪ್ಪದೆ ಕೊಡುವುದು.

ಇದರಿಂದ ಪ್ರಯೋಜನವುಂಟೆಂಬುದಕ್ಕೆ ಒಳ್ಳೆಯ ಸಾಕ್ಷ್ಯವಿರುವುದು. ಹಿಂದೆಯೇ ಬೆನ್ನಿನ ಮೂಳೆ ಮುರಿದಿದ್ದ, ಮುಟ್ಟು ನಿಂತ ೧೬೩೭ ಮಂದಿ ಸ್ತ್ರೀಯರ ಮೇಲೆ ನಡೆದ ಪ್ರಯೋಗದ ಫಲವು ೨೦೦೧ನೆಯ ಇಸವಿಯಲ್ಲಿ ಪ್ರಕಟವಾಯಿತು. ಹುಸಿಮದ್ದನ್ನು ಪಡೆದವರಲ್ಲಿ ನೂರಕ್ಕೆ ೧೪ ಮಂದಿಗೆ ಬೆನ್ನಿನ ಮಣಿಗಳು ಹೊಸದಾಗಿ ಮುರಿದರೆ, ೨೦ ಮೈಕ್ರೊಗ್ರಾಂ ಪಡೆದವರಲ್ಲಿ ನೂರಕ್ಕೆ ೫ ಮಂದಿಗೆ ಮಾತ್ರ ಹಾಗಾಯಿತು. ಮರುವರ್ಷ ಅಮೆರಿಕ ದೇಶದಲ್ಲಿ ಈ ಔಷಧಕ್ಕೆ ಒಪ್ಪಿಗೆ ದೊರೆಯಿತು.

ಇನ್ನು ತೊಂದರೆಗಳ ಮಾತು. ಮೊದಲನೆಯದು ತಲೆಸುತ್ತು. ಈ ಔಷಧವು ಕೆಲವರಲ್ಲಿ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಸಡಿಲಿಸುವುದು. ಆಗ ಕುಳಿತವರು ಥಟ್ಟನೆ ಎದ್ದರೆ ರಕ್ತದ ಒತ್ತಡವು ಇಳಿದು ಕಣ್ಣು ಕತ್ತಲೆಯಾಗುವುದು. ಹೀಗಾಗುವುದು ಸಾಮಾನ್ಯವಾಗಿ ಮೊದಲ ಕೆಲವು ಸೂಜಿಗಳ ಕಾಲದಲ್ಲಿ, ಅದೂ ಮದ್ದು ತೆಗೆದುಕೊಂಡ ನಾಲ್ಕು ಗಂಟೆಗಳ ಒಳಗೆ. ಮಲಗಿಕೊಂಡರೆ ಕೆಲವು ನಿಮಿಷಗಳಲ್ಲಿಯೋ ಕೆಲವು ಗಂಟೆಗಳಲ್ಲಿಯೋ ತಾನಾಗಿಯೇ ಹೋಗುವುದು. ಪ್ರಯೋಗಗಳಲ್ಲಿ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು ೮ ಮಂದಿ ತಲೆಸುತ್ತನ್ನು ಹೇಳಿಕೊಂಡರು. ಹುಸಿಮದ್ದು ಪಡೆದವರಲ್ಲಿಯೂ ನೂರಕ್ಕೆ ಸುಮಾರು ೫ ಮಂದಿ ಹೇಳಿಕೊಂಡರು. ಎಂದರೆ ವಯಸ್ಸಾದವರ ಪ್ರತಿಯೊಂದು ತಲೆಸುತ್ತಿಗೂ ಸೂಜಿಯನ್ನೇ ಹೊಣೆ ಮಾಡಲಾಗದು. ಆದರೂ ಟೊಳ್ಳುಮೂಳೆಯವರಿಗೆ ತಲೆಸುತ್ತು ಸಣ್ಣ ಮಾತಲ್ಲ. ಬೇರೆಯವರು ಬಿದ್ದರೆ ಮೈ ತರಚುವುದು. ಇವರು ಬಿದ್ದರೆ ತೊಡೆಯ ಮೂಳೆ ಮುರಿಯುವುದು. ಮೂಳೆಯನ್ನು ಉಳಿಸಲು ತಂದ ಔಷಧದಿಂದಲೇ ಮೂಳೆ ಮುರಿಯಬಾರದಷ್ಟೆ!

ಅಕ್ಕನವರ ಮಾತನ್ನೆಲ್ಲ ಕೇಳಿ ಲೇಡಿ ಡಾಕ್ಟರು ಗದರಿಸಲಿಲ್ಲ. “ಮದ್ದು ಬಿಟ್ಟಿರಿ, ಅದಕ್ಕೆ ದಾರಿಯಿದೆ ತಾಯಿ. ಹೇಳದೆ ಬಿಟ್ಟರೆ ನಾನೇನು ಮಾಡಲಿ?” ಎಂದಷ್ಟೇ ಹೇಳಿ, ಕುಳ್ಳಿರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದ ಒತ್ತಡವನ್ನು ಅಳೆದರು. ಅಕ್ಕನವರು ಒತ್ತಡದ ಮಾತ್ರೆಯನ್ನೂ ಬೆಳಗ್ಗೆಯೇ, ಬರಿ ಹೊಟ್ಟೆಯಲ್ಲಿ, ಸೂಜಿಯ ಜೊತೆಗೇ ತೆಗೆದುಕೊಳ್ಳುತ್ತಿದ್ದುದು ಆಗ ಹೊರಬಿತ್ತು. ಬಿಸಿನೀರಿನ ಸ್ನಾನ, ಒತ್ತಡದ ಮಾತ್ರೆ, ಸೂಜಿಮದ್ದು, ನೆಲದ ಮೇಲೆ ಕುಳಿತು ಥಟ್ಟನೆ ಏಳುವುದು: ಇವು ನಾಲ್ಕೂ ಒಂದೇ ಗಂಟೆಯಲ್ಲಿ ಕೂಡಿದ್ದುವು. ವೈದ್ಯರು ಸೂಜಿಯನ್ನು ರಾತ್ರಿ ಮಲಗುವ ಹೊತ್ತಿಗೆ ಬದಲಾಯಿಸಿದರು. ಮಾತ್ರೆಯ ಹೊತ್ತನ್ನು ನಾವಾಗಿ ಬದಲಾಯಿಸುವುದಾಗಲಿ, ಅದನ್ನು ಬಿಡುವುದಾಗಲಿ ಕೂಡದೆಂದೂ, ಅಂಥದನ್ನು ಅವರನ್ನು ಕೇಳಿಯೇ ಮಾಡಬೇಕೆಂದೂ ಎಚ್ಚರಿಸಿದರು.

ರಾತ್ರಿಯ ಸೂಜಿಗೂ ಒಂದು ಕಟ್ಟಳೆಯುಂಟು. ವಯಸ್ಸಾದವರು ರಾತ್ರಿ ಒಂದೆರಡು ಸಾರಿ ಮೂತ್ರಕ್ಕೆ ಏಳುವರು. ಆ ನಾಲ್ಕು ಗಂಟೆಗಳು ಅಲ್ಲಿಯೇ ಬರುವುವು. ಆದುದರಿಂದ ಬಚ್ಚಲಿಗೆ ಹೋಗಿಬಂದು, ಹಾಸಿಗೆಯ ಅಂಚಿನಲ್ಲಿ ಕುಳಿತ ಮೇಲೆಯೇ ಮದ್ದನ್ನು ತೆಗೆದುಕೊಳ್ಳಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪವೊಂದು ಉರಿಯುತ್ತಿರಬೇಕು. ದಾರಿಯಲ್ಲಿ ಚಾಪೆ, ಕಾಲೊರಸು, ಮೊಮ್ಮಕ್ಕಳ ಆಟದ ಸಾಮಾನು ಬಿದ್ದಿರಕೂಡದು. ಬಚ್ಚಲಿನ ನೆಲವು ಒಣಗಿರಬೇಕು. ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಕುಳಿತು, ಒಂದೆರಡು ನಿಮಿಷ ಕಾಲು ಇಳಿಬಿಟ್ಟುಕೊಂಡಿದ್ದು, ಆಮೇಲೆ ಆಸರೆ ಹಿಡಿದು ನಿಲ್ಲತಕ್ಕದ್ದು. ಮೊದಲ ಹದಿನೈದು ದಿನ ಮನೆಯವರಲ್ಲಿ ಒಬ್ಬರು ಅದೇ ಕೋಣೆಯಲ್ಲಿ ಮಲಗುವುದು ಮೇಲು. ಹಗಲಿನಲ್ಲಿ ಸಾಕಷ್ಟು ನೀರು, ಮಜ್ಜಿಗೆ ಕುಡಿಯಬೇಕು. ನೀರು ಕಡಿಮೆಯಾದ ಮೈಗೆ ತಲೆಸುತ್ತು ಬೇಗ ಬರುವುದು. ಕಣ್ಣು ಕತ್ತಲೆಯಾದರೆ ನಿಂತೇ ತಡೆದುಕೊಳ್ಳುವೆನೆಂಬ ಹಟ ಬೇಡ. ಇದ್ದಲ್ಲಿಯೇ ಕುಳಿತುಬಿಡಬೇಕು, ಆದರೆ ಮಲಗಬೇಕು. ಮತ್ತೆ ಮತ್ತೆ ಹಾಗಾದರೆ ಮುಂದಿನ ಸೂಜಿಗೆ ಮೊದಲು ವೈದ್ಯರಿಗೆ ತಿಳಿಸಬೇಕು. ಪ್ರಜ್ಞೆ ತಪ್ಪಿ ಬಿದ್ದರಂತೂ ತಡಮಾಡದೆ ತೋರಿಸಬೇಕು.

ಎರಡನೆಯದು ಓಕರಿಕೆ ಮತ್ತು ತಲೆನೋವು. ಈ ಸೂಜಿಗೆ ಊಟದ ಹೊತ್ತಿನ ಕಟ್ಟುಪಾಡಿಲ್ಲದ ಕಾರಣ ರಾತ್ರಿ ಹಗುರವಾಗಿ ಉಂಡು, ಸ್ವಲ್ಪ ಹೊತ್ತು ಬಿಟ್ಟು ತೆಗೆದುಕೊಂಡರೆ ಹಲವರಿಗೆ ಓಕರಿಕೆಯು ನಿದ್ರೆಯಲ್ಲಿಯೇ ಕಳೆದುಹೋಗುವುದು. ಕರಿದ ತಿಂಡಿ, ಹೆಚ್ಚು ಖಾರ ಕೆಲವು ದಿನ ಬೇಡ. ಗಂಜಿ, ಮೊಸರನ್ನ, ಇಡ್ಲಿ ಸಾಕು. ತಲೆನೋವಿಗೆ ಯಾವ ಮಾತ್ರೆಯಾಗಬಹುದೆಂಬುದನ್ನು ಮೊದಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಬೇಕು.

ಮೂರನೆಯದು ಕಾಲುಸೆಳೆತ. ರಾತ್ರಿ ಮೀನಖಂಡವು ಗಂಟುಕಟ್ಟಿದಂತಾಗಿ ಎಚ್ಚರವಾಗುವುದುಂಟು. ಮಂಡಿಯನ್ನು ನೇರಮಾಡಿ ಪಾದವನ್ನು ಮೆಲ್ಲನೆ ಮುಖದ ಕಡೆಗೆ ಬಾಗಿಸಿ ಹಿಡಿದರೆ ಸೆಳೆತ ಬಿಡುವುದು. ಬೆನ್ನಿನ ಮೂಳೆ ಮುರಿದವರು ತಾವೇ ಬಗ್ಗಿ ಪಾದವನ್ನು ಹಿಡಿಯಕೂಡದು. ಮನೆಯವರೊಬ್ಬರು ಮಾಡಿಕೊಡಬೇಕು, ಇಲ್ಲವೆ ಪಾದಕ್ಕೆ ಒಂದು ಟವೆಲು ಹಾಕಿ ಮಲಗಿದಂತೆಯೇ ಎಳೆದುಕೊಳ್ಳಬೇಕು. ಒಂದೇ ಕಾಲು ಊದಿಕೊಂಡು, ಕೆಂಪಾಗಿ, ಬಿಸಿಯಾಗಿದ್ದು ನೋವು ಬಿಡದಿದ್ದರೆ ಅದು ಬರಿಯ ಸೆಳೆತವಲ್ಲದಿರಬಹುದು. ಅಂಥ ಕಾಲನ್ನು ತಿಕ್ಕದೆ ಆ ದಿನವೇ ವೈದ್ಯರಿಗೆ ತೋರಿಸಬೇಕು.

ನಾಲ್ಕನೆಯದು ಚುಚ್ಚಿದ ಜಾಗದ ಕೆಂಪು, ನವೆ, ಸಣ್ಣ ನೀಲಿಗಟ್ಟು. ಒಂದು ದಿನ ಬಲತೊಡೆ, ಒಂದು ದಿನ ಎಡತೊಡೆ, ಒಂದು ದಿನ ಹೊಟ್ಟೆಯೆಂದು ಜಾಗ ಬದಲಾಯಿಸುತ್ತಿದ್ದರೆ ಇದು ಕಡಿಮೆಯಾಗುವುದು. ಪ್ರತಿ ಸಾರಿಯೂ ಹೊಸ ಸೂಜಿಯನ್ನೇ ಬಳಸಬೇಕು. ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸಕೂಡದು.

ಇವು ಸಹಿಸಿ ಸಾಗಿಸಬಹುದಾದವು. ಸಹಿಸಕೂಡದವೂ ಉಂಟು. ಮುಖ, ತುಟಿ, ನಾಲಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದೆದ್ದರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಓಕರಿಕೆ, ವಾಂತಿ, ಮಲಬದ್ಧತೆ, ಮೈ ಸೋಲು, ಸ್ನಾಯುಗಳ ಬಲಹೀನತೆ ಇವು ಬಿಡದೆ ಇದ್ದರೆ ರಕ್ತದಲ್ಲಿ ಸುಣ್ಣದ ಅಂಶವು ಮಿತಿಮೀರಿರಬಹುದು. ಸೂಜಿ ತೆಗೆದುಕೊಂಡ ನಾಲ್ಕರಿಂದ ಆರು ಗಂಟೆಗಳಲ್ಲಿ ಅದು ಸ್ವಲ್ಪ ಏರಿ, ಹದಿನಾರು ಗಂಟೆಗಳ ಮೇಲೆ ಮೊದಲಿನಂತಾಗುವುದು ಸಹಜ. ಆದುದರಿಂದ ಪರೀಕ್ಷೆಗೆ ರಕ್ತ ಕೊಡುವಾಗ ಹಿಂದಿನ ಸೂಜಿಯಾಗಿ ೧೬ ಗಂಟೆಗಳಾದರೂ ಕಳೆದಿರಬೇಕು. ಇಲ್ಲವಾದರೆ ಲೆಕ್ಕವು ತಪ್ಪಿ ವೃಥಾ ಗಾಬರಿಯಾಗುವುದು. ರಾತ್ರಿ ಒಂಬತ್ತಕ್ಕೆ ಮದ್ದು ತೆಗೆದುಕೊಳ್ಳುವವರು ಮರುದಿನ ಮಧ್ಯಾಹ್ನ ಒಂದು ಗಂಟೆಯ ಮೇಲೆ ರಕ್ತ ಕೊಡಬಹುದು. ಪಕ್ಕೆಯಿಂದ ಕೆಳಹೊಟ್ಟೆಗೆ ಇಳಿಯುವ ತೀವ್ರವಾದ ನೋವು ಬಂದರೆ ಮೂತ್ರಪಿಂಡದ ಕಲ್ಲಿನ ಶಂಕೆಯುಂಟು. ಹಿಂದೆ ಕಲ್ಲು ಇದ್ದವರು, ಹೃದಯಕ್ಕಾಗಿ ಡಿಗಾಕ್ಸಿನ್ ಎಂಬ ಮಾತ್ರೆಯನ್ನು ತೆಗೆದುಕೊಳ್ಳುವವರು, ಮೂಳೆಗೆ ಎಂದಾದರೂ ಕಿರಣಚಿಕಿತ್ಸೆ ಪಡೆದವರು, ಅರ್ಬುದ ರೋಗವಿದ್ದವರು ಅದನ್ನು ಮದ್ದು ಆರಂಭಿಸುವುದಕ್ಕೆ ಮೊದಲೇ ಹೇಳಬೇಕು.

ಇದೇ ಕಾರಣದಿಂದ, ಮೂಳೆಗೆ ಒಳ್ಳೆಯದೆಂದು ನೆರೆಯವರು ಹೇಳಿದ ಸುಣ್ಣದ ಮಾತ್ರೆಗಳನ್ನೆಲ್ಲ ಸೇರಿಸಿ ನುಂಗಕೂಡದು. ವೈದ್ಯರು ಬರೆದಷ್ಟು ಕ್ಯಾಲ್ಸಿಯಂ, ಬರೆದಷ್ಟು ಡಿ ಜೀವಸತ್ವ ಸಾಕು. ಊಟದಲ್ಲಿ ಬರುವುದಕ್ಕೆ ಅಂಜಬೇಕಾಗಿಲ್ಲ; ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿರುವುದು. ಹಾಲು, ಮೊಸರು, ಸೊಪ್ಪು, ಎಳ್ಳು ಎಂದಿನಂತೆ ನಡೆಯಲಿ.

ಔಷಧವನ್ನು ಕಾಪಾಡುವುದೂ ಗೃಹಿಣಿಯ ಕೆಲಸವೇ. ಅದನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬರ್ಫದ ಅರೆಯಲ್ಲಿಯೂ ಅದಕ್ಕೆ ತಾಗಿಯೂ ಇಡಕೂಡದು. ಒಮ್ಮೆ ಹೆಪ್ಪುಗಟ್ಟಿದ ಔಷಧವು ಕರಗಿದರೂ ಬಳಸಲು ಬಾರದು. ವಿದ್ಯುತ್ತು ಹೋದಾಗ ಫ್ರಿಜ್ಜಿನ ಬಾಗಿಲನ್ನು ಪದೇ ಪದೇ ತೆರೆಯದಿದ್ದರೆ ತಂಪು ಬಹಳ ಹೊತ್ತು ಉಳಿಯುವುದು. ಪ್ರಯಾಣದಲ್ಲಿ ತಂಪಿನ ಚೀಲದೊಳಗೆ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಒಯ್ಯಬೇಕು. ಔಷಧವು ತಿಳಿನೀರಿನಂತೆ ಇರಬೇಕು, ಮಬ್ಬಾಗಿದ್ದರೆ ಬೇಡ. ಸಾಮಾನ್ಯವಾಗಿ ಬರುವ ಪೆನ್ನುಗಳು ೨೮ ದಿನಗಳಿಗೆ. ಆರಂಭಿಸಿದ ದಿನವನ್ನು ಡಬ್ಬದ ಮೇಲೆ ಬರೆದಿಟ್ಟು, ಆ ಗಡುವು ಮುಗಿದ ಮೇಲೆ ಒಳಗೆ ಔಷಧ ಉಳಿದಿದ್ದರೂ ಬಿಸಾಡಬೇಕು. ಒಂದು ದಿನ ಮರೆತರೆ ಆ ದಿನವೇ ನೆನಪಾದಾಗ ತೆಗೆದುಕೊಳ್ಳಬಹುದು. ಒಂದೇ ದಿನ ಎರಡು ಸಾರಿ ಮಾತ್ರ ಕೂಡದು.

ಕೆಲವರಿಗೆ ಇನ್ನೊಂದು ಭಯವುಂಟು. ಈ ಔಷಧದಿಂದ ಮೂಳೆಯ ಅರ್ಬುದ ಬರುವುದಂತೆ ಎಂದು ಯಾರೋ ಹೇಳಿದುದನ್ನು ಕೇಳಿ ಬಿಟ್ಟವರಿದ್ದಾರೆ. ಇಲಿಗಳಿಗೆ ಬಹುಕಾಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಹಾಗಾದುದು ನಿಜ. ಅದಕ್ಕಾಗಿ ಅಮೆರಿಕದಲ್ಲಿ ಔಷಧದ ಪತ್ರಿಕೆಯ ಮೇಲೆ ದಪ್ಪಕ್ಷರದ ಎಚ್ಚರಿಕೆಯನ್ನು ಅಚ್ಚುಮಾಡುತ್ತಿದ್ದರು. ಮನುಷ್ಯರಲ್ಲಿ ಅನೇಕ ವರ್ಷ ಗಮನಿಸಿ ನೋಡಿದಾಗ ಅಂಥ ಹೆಚ್ಚಳವು ಕಾಣದಿರಲು ೨೦೨೦ರಲ್ಲಿ ಆ ಎಚ್ಚರಿಕೆಯ ಚೌಕಟ್ಟನ್ನು ತೆಗೆದುಹಾಕಿದರು. ಆದರೂ ಮೂಳೆಗೆ ಕಿರಣಚಿಕಿತ್ಸೆಯಾದವರು ಮೊದಲಾದ ಕೆಲವರಿಗೆ ಇದನ್ನು ಕೊಡುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಮೀರಿ ಮುಂದುವರಿಸುವುದೂ ಇಲ್ಲ. ಎರಡು ವರ್ಷ ಮುಗಿದ ಮೇಲೆ ಕಟ್ಟಿದ ಮೂಳೆಯನ್ನು ಉಳಿಸಿಕೊಳ್ಳಲು ಬೇರೊಂದು ಔಷಧವನ್ನು ಆರಂಭಿಸಲೇಬೇಕು. ಇಲ್ಲವಾದರೆ ಗಳಿಸಿದುದು ಕರಗಿಹೋಗುವುದು.

ಮೂಳೆಯ ಸೂಜಿಗಳೆಲ್ಲವೂ ಒಂದೇ ಅಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ವರ್ಷಕ್ಕೊಮ್ಮೆ ನರದೊಳಗೆ ಹನಿಹನಿಯಾಗಿ ಕೊಡುವ ಜೊಲೆಡ್ರಾನಿಕ್ ಆಮ್ಲವೆಂಬುದೊಂದಿದೆ. ಮೊದಲ ಸಾರಿ ಕೊಟ್ಟ ಮೇಲೆ ಮೂರು ದಿನಗಳೊಳಗೆ ಜ್ವರ, ಮೈಕೈನೋವು ಬರುವುದು ಸಾಮಾನ್ಯ. ಚೆನ್ನಾಗಿ ನೀರು ಕುಡಿದು, ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಕಳೆದುಹೋಗುವುದು. ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಡಿನೊಸುಮ್ಯಾಬ್ ಎಂಬುದು ಇನ್ನೊಂದು. ಅದರಲ್ಲಿ ಗಡುವೇ ಮುಖ್ಯ. ಹೇಳದೆ ಕೇಳದೆ ನಿಲ್ಲಿಸಿದರೆ ಬೆನ್ನಿನ ಹಲವು ಮಣಿಗಳು ಒಟ್ಟಿಗೆ ಮುರಿದುದುಂಟು. ಆದುದರಿಂದ ತಮಗೆ ಕೊಟ್ಟಿರುವ ಸೂಜಿಯ ಹೆಸರನ್ನು ಬರೆಯಿಸಿಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಅಗತ್ಯ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ನಮ್ಮ ಹಿರಿಯರು ತಮ್ಮ ನೋವನ್ನು ಬಾಯಿಬಿಟ್ಟು ಹೇಳುವವರಲ್ಲ. “ಮದ್ದು ತೆಗೆದುಕೊಂಡಿರಾ?” ಎಂದು ಕೇಳಿದರೆ “ಆಯಿತು” ಎನ್ನುವರು. “ತೆಗೆದುಕೊಂಡ ಮೇಲೆ ಹೇಗಿತ್ತು?” ಎಂದು ಕೇಳಬೇಕು. ಔಷಧದ ಬೆಲೆಯನ್ನು ಅವರ ಕಿವಿಗೆ ಬೀಳುವಂತೆ ಆಡಬಾರದು. ಹಳೆಯದೊಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಚುಚ್ಚಿದ ಜಾಗ, ಆಮೇಲೆ ಆದ ತೊಂದರೆ ಇಷ್ಟನ್ನು ಬರೆದಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಅಕ್ಕನವರು ಮತ್ತೆ ಆರಂಭಿಸಿ ಈಗ ಎಂಟು ತಿಂಗಳಾದುವು. ಎರಡನೆಯ ವಾರದಲ್ಲಿ ಒಂದು ರಾತ್ರಿ ತಲೆ ಹಗುರಾದಂತಾಯಿತೆಂದು ತಾವೇ ಸೊಸೆಯನ್ನು ಕೂಗಿ ಹೇಳಿದರು. ಹತ್ತು ನಿಮಿಷ ಮಲಗಿದ ಮೇಲೆ ಸರಿಹೋಯಿತು. ಕಾಲುಸೆಳೆತವು ಆಗಾಗ್ಗೆ ಬರುವುದು. ಬಕೆಟ್ಟನ್ನು ಮಾತ್ರ ಅವರು ಎತ್ತುವುದಿಲ್ಲ. ಅತ್ತೆಯವರು ಹಾಸಿಗೆಯ ಅಂಚಿನಲ್ಲಿ ಕುಳಿತು ಮದ್ದು ತೆಗೆದುಕೊಳ್ಳುವಾಗ ಸೊಸೆಯು ಪಕ್ಕದಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಬರೆಯುವಳು. ಮೊದಲ ಹದಿನೈದು ದಿನಗಳಿಗೆಂದು ಮಾಡಿಕೊಂಡ ಆ ಏರ್ಪಾಡನ್ನು ಅವರಿಬ್ಬರೂ ಇನ್ನೂ ಬಿಟ್ಟಿಲ್ಲ.